ಐರಾವತಿ ದಂಡೆಯ ಸುಂಕದ ಗುಡ್ಡ

ಬೈಲಹೊಂಗಲ

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ನನ್ನನ್ನು ಈಗಲೂ ‘ಬರ್ಮಾ ಫಿಟರ್’ ಎಂದೇ ಕರೆಯುತ್ತಾರೆ. ಜೀವಮಾನವಿಡೀ ದುಡಿದ ಊರಿನ ಹೆಸರು ಅಂಟಲಿಲ್ಲ, ಮೂರು ತಿಂಗಳು ಇದ್ದು ಬಂದ ದೇಶದ ಹೆಸರು ಅಂಟಿಕೊಂಡಿತು. ಅಲ್ಲಿ ಏನು ನೋಡಿದಿರಿ ಎಂದು ಚಹದ ಅಂಗಡಿಯಲ್ಲಿ ಕೇಳಿದವರಿಗೆ ಬಂಗಾರ ಬಡಿದ ಪಗೋಡಗಳ ಬಗ್ಗೆ, ಬೆರಳಿನಷ್ಟು ದಪ್ಪ ಚುಟ್ಟಾ ಸೇದುವ ಮುದುಕಿಯರ ಬಗ್ಗೆ ಹೇಳಿ ಮುಗಿಸುತ್ತಿದ್ದೆ. ಗುಡ್ಡದ ಸಂಗತಿಯನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಅದು ಚಹ ಆರುವುದರೊಳಗೆ ಹೇಳಿ ಮುಗಿಸುವಂಥದ್ದಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಮುಂಬಯಿಯ ಒಂದು ಕಂಪನಿ ಬರ್ಮಾ ದೇಶಕ್ಕೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಯಂತ್ರಗಳನ್ನು ಮಾರಿತ್ತು. ಅವನ್ನು ಕೂಡಿಸಿ, ಓಡಿಸಿ ತೋರಿಸಲು ಇಬ್ಬರು ಫಿಟರುಗಳು ಬೇಕಾಗಿದ್ದರು. ಅದೇ ಜಾತಿಯ ಯಂತ್ರದ ಕೈಕೆಳಗೆ ಹದಿನಾರು ವರ್ಷ ಎಣ್ಣೆ ಕುಡಿದವನು ಎಂದು ನನ್ನನ್ನು ಆರಿಸಿದರು. ಇನ್ನೊಬ್ಬ ಖಾನದೇಶದವನು. ಅವನ ಪಾಸ್‌ಪೋರ್ಟಿನಲ್ಲಿ ಏನೋ ತಕರಾರು ಬಂದು ಅವನು ಕಲಕತ್ತೆಯಲ್ಲೇ ಉಳಿದ. ನಾನು ಒಬ್ಬನೇ ಹೋದೆ.

ನಮ್ಮದು ಮೂಲ ಮನೋಳಿ. ನನಗೆ ಹತ್ತೊಂಬತ್ತು ವರ್ಷವಿದ್ದಾಗ ನಮ್ಮ ಓಣಿಯ ನಾಲ್ಕೈದು ಮನೆಯವರು ಬೌದ್ಧರಾದೆವು. ಅವ್ವ ಹಳೆಯ ದೇವರ ಜಗುಲಿಯ ಮೇಲೆ ಬುದ್ಧನ ಕ್ಯಾಲೆಂಡರ್ ಚಿತ್ರ ಇಟ್ಟು, ಹಳೆಯ ಕ್ರಮದಲ್ಲೇ ಊದಿನಕಡ್ಡಿ ಬೆಳಗಲು ಶುರು ಮಾಡಿದಳು. ನಾನು ಹೊರಡುವ ದಿನ ಆಕೆ ರೊಟ್ಟಿಯ ಗಂಟು ಕಟ್ಟುತ್ತ, “ಬುದ್ಧನ ದೇಶಕ್ಕ ಹೊಂಟೀಯಪಾ. ಅಂಜಬ್ಯಾಡ. ಅಲ್ಲೆ ಎಲ್ಲಾರೂ ನಮ್ಮವರ ಇರತಾರ” ಅಂದಳು. ಆ ಮಾತನ್ನು ನಾನು ನಂಬಿದ್ದೆ. ನಿಜ ಹೇಳಬೇಕೆಂದರೆ, ಆ ಮಾತಿಗಾಗಿಯೇ ಹೋಗಲು ಒಪ್ಪಿದ್ದೆ.

ರಂಗೂನು

ಮೊದಲ ದಿನವೇ ನಗೆಪಾಟಲಾದೆ. ಅಲ್ಲಿನ ಗಂಡಸರೆಲ್ಲ ನಮ್ಮ ಲುಂಗಿಯಂಥದ್ದನ್ನೇ ಉಡುತ್ತಾರೆ. ಸೆಕೆ ತಾಳದೆ ನಾನೂ ಒಂದು ಕೊಂಡು ಉಟ್ಟುಕೊಂಡು ಬೀದಿಗೆ ಬಂದೆ. ಎದುರಿಗೆ ಬಂದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ಸರಿದರು. ಕೊನೆಗೆ ಒಬ್ಬ ಮುದುಕ ನನ್ನನ್ನು ಒಂದು ಅಂಗಡಿಯ ಮರೆಗೆ ಕರೆದೊಯ್ದು ಸೊಂಟದ ಮಡಿಕೆ ಬಿಚ್ಚಿ ಮುಂದೆ ಗಂಟು ಹಾಕಿಕೊಟ್ಟ. ನಾನು ಹೆಂಗಸರು ಉಡುವ ಹಾಗೆ ಅಂಚನ್ನು ಬದಿಗೆ ಸಿಕ್ಕಿಸಿಕೊಂಡಿದ್ದೆನಂತೆ.

ಆ ಊರಿನಲ್ಲಿ ನಾನು ಬಹಳ ಹೊತ್ತು ನಿಂತು ನೋಡಿದ್ದು ಪಗೋಡವನ್ನಲ್ಲ, ನೀರಿನ ಗಡಿಗೆಗಳನ್ನು. ಮರದ ಕೆಳಗೆ, ಮನೆಯ ಬೇಲಿಯ ಹೊರಗೆ, ಪುಟ್ಟ ಮಾಡಿನ ನೆರಳಿನಲ್ಲಿ ಎರಡು ಮಣ್ಣಿನ ಗಡಿಗೆ, ಮೇಲೆ ಒಂದು ಬಟ್ಟಲು. ಹೋಗುವವರು ಬರುವವರು ಬಟ್ಟಲು ಎತ್ತಿ ಕುಡಿದು, ಬೋರಲು ಹಾಕಿ ಹೋಗುತ್ತಿದ್ದರು. ನೀನು ಯಾರು ಎಂದು ಕೇಳುವವರೇ ಇಲ್ಲ. ಮನೋಳಿಯ ಬಾವಿಯ ಕಟ್ಟೆಯಿಂದ ಮಾರು ದೂರ ನಿಂತು, ಯಾರಾದರೂ ಸುರಿದಾರೆಂದು ಕೊಡ ಇಟ್ಟುಕೊಂಡು ಕಾದವನು ನಾನು. ನೀರಡಿಕೆ ಇಲ್ಲದಿದ್ದರೂ ಆ ದಿನ ಮೂರು ಕಡೆ ಕುಡಿದೆ.

ಆದರೆ ಅವ್ವ ಹೇಳಿದ ‘ನಮ್ಮವರು’ ಸಿಗಲಿಲ್ಲ. ನನ್ನನ್ನು ನೋಡಿದವರು ‘ಕಲಾ’ ಅನ್ನುತ್ತಿದ್ದರು. ಹಿಂದೂಸ್ತಾನದವನು ಎಂದು ಅರ್ಥ. ಹತ್ತು ಹನ್ನೆರಡು ವರ್ಷಗಳ ಹಿಂದೆ ಅಲ್ಲಿನ ಸರಕಾರ ನಮ್ಮ ದೇಶದವರ ಅಂಗಡಿ, ಗಿರಣಿಗಳನ್ನೆಲ್ಲ ವಶಪಡಿಸಿಕೊಂಡು ಲಕ್ಷಗಟ್ಟಲೆ ಮಂದಿಯನ್ನು ಹಡಗು ಹತ್ತಿಸಿತ್ತು. ಉಳಿದವರು ಕಣ್ಣು ತಪ್ಪಿಸಿ ಬದುಕುತ್ತಿದ್ದರು. ಪಗೋಡದಲ್ಲಿ ಮಂಡಿಯೂರಿ ‘ಬುದ್ಧಂ ಸರಣಂ’ ಅಂದೆ. ಪಕ್ಕದಲ್ಲಿದ್ದಾತ ತನ್ನ ಮಗುವನ್ನು ಮೆಲ್ಲಗೆ ಆಚೆ ಸರಿಸಿಕೊಂಡ.

ಪ್ರೋಮ್

ರಂಗೂನಿನಿಂದ ರೈಲಿನಲ್ಲಿ ಒಂದು ಹಗಲಿನ ದಾರಿ. ಐರಾವತಿ ನದಿಯ ದಂಡೆಯ ಮೇಲಿನ ಊರು ಅದು. ಹತ್ತಿಯ ಗಿರಣಿ ಊರಿನಾಚೆ. ನನಗೆ ಗಿರಣಿಯ ಹಿತ್ತಿಲಲ್ಲಿ ಬಿದಿರಿನ ಗೋಡೆಯ ಒಂದು ಕೋಣೆ ಕೊಟ್ಟರು.

ಒಂಟಿತನ ಎಂದರೆ ಮಂದಿ ಇಲ್ಲದಿರುವುದು ಅಂದುಕೊಂಡಿದ್ದೆ. ಸುತ್ತ ಅರವತ್ತು ಜನ ಕೆಲಸ ಮಾಡುತ್ತಿದ್ದರು, ಎಲ್ಲರೂ ಒಳ್ಳೆಯವರು. ಊಟಕ್ಕೆ ಕುಳಿತಾಗ ತಮ್ಮ ಬುತ್ತಿಯಿಂದ ಒಂದು ಹಿಡಿ ನನ್ನ ತಾಟಿಗೆ ಹಾಕುತ್ತಿದ್ದರು. ಏನನ್ನಾದರೂ ಕೊಡುವಾಗ ಎಡಗೈಯಿಂದ ಬಲಗೈಯ ಮೊಣಕೈ ಮುಟ್ಟಿಕೊಂಡು ಕೊಡುತ್ತಿದ್ದರು. ಅದು ಅವರ ಮರ್ಯಾದೆ. ಆದರೆ ಮಾತು ಇರಲಿಲ್ಲ. ಸ್ಪ್ಯಾನರಿಗೆ ಬೆರಳು, ಎಣ್ಣೆಗೆ ಬೆರಳು, ನೀರಿಗೆ ಬೆರಳು. ಊ ಬಾ ಎಂಬ ಗುಮಾಸ್ತ ಒಬ್ಬನಿಗೆ ಮಾತ್ರ ಯುದ್ಧಕಾಲದಲ್ಲಿ ಕಲಿತ ಹರಕು ಹಿಂದಿ, ಆಡಲೂ ಓದಲೂ, ಬರುತ್ತಿತ್ತು. ಅವನೂ ಮಧ್ಯಾಹ್ನಕ್ಕೆ ಮನೆಗೆ ಹೋಗಿಬಿಡುತ್ತಿದ್ದ. ತಿಂಗಳು ಕಳೆಯುವ ಹೊತ್ತಿಗೆ ನಾನು ಯಂತ್ರದ ಜೊತೆ ಕನ್ನಡ ಮಾತಾಡಲು ಶುರು ಮಾಡಿದ್ದೆ. “ಯಾಕಲೇ, ಇವತ್ತ ಯಾಕ ಗರಗರ ಅನ್ನಾಕಹತ್ತಿ” ಎಂದು ರೋಲರಿಗೆ ಕೇಳುವುದು, ಅದರ ಪರವಾಗಿ ನಾನೇ ಉತ್ತರ ಕೊಡುವುದು.

ಊ ಬಾ ಅದನ್ನು ಕೇಳಿಸಿಕೊಂಡಿರಬೇಕು. ಒಂದು ಶನಿವಾರ ಬಂದು, “ಮಿಸ್ತ್ರಿ, ನೀನು ಬೌದ್ಧ ಅಂತೀಯ. ನಾಳೆ ರಜೆ. ಅಕೌಕ್ ತೌಂಗ್ ನೋಡಿ ಬಾ” ಎಂದ. ಅಕೌಕ್ ಅಂದರೆ ಸುಂಕ, ತೌಂಗ್ ಅಂದರೆ ಗುಡ್ಡ. ಹಿಂದಿನ ಕಾಲದಲ್ಲಿ ಹೊಳೆಯಲ್ಲಿ ಇಳಿದು ಬರುವ ದೋಣಿ, ತೆಪ್ಪಗಳನ್ನೆಲ್ಲ ಆ ಗುಡ್ಡದ ಬುಡದಲ್ಲಿ ನಿಲ್ಲಿಸಿ ಸುಂಕ ವಸೂಲಿ ಮಾಡುತ್ತಿದ್ದರಂತೆ. ಸರದಿ ಬರಲು ದಿನಗಟ್ಟಲೆ ಹಿಡಿಯುತ್ತಿತ್ತು. ಹಾಗೆ ಕಾಯುತ್ತ ಕುಳಿತ ನಾವಿಕರು ಕೈ ಸುಮ್ಮನಿರಲಾರದೆ ಬಂಡೆಯಲ್ಲಿ ಬುದ್ಧನನ್ನು ಕೆತ್ತಿದರು. ಒಬ್ಬರಲ್ಲ, ಇಬ್ಬರಲ್ಲ, ನೂರಾರು ಬುದ್ಧರು. ಎಷ್ಟು ಹಳೆಯವು ಎಂದು ಕೇಳಿದೆ. “ನನ್ನ ಅಜ್ಜನ ಅಜ್ಜನಿಗೂ ಹಳೆಯವು” ಎಂದ. ಮುಂದೆ ನಾನು ಕೇಳಿದ ಒಬ್ಬೊಬ್ಬರೂ ಒಂದೊಂದು ಲೆಕ್ಕ ಹೇಳಿದರು.

ಟೊಂಬೊ

ಗುಡ್ಡಕ್ಕೆ ಹೋಗಲು ಮೊದಲು ಟೊಂಬೊ ಎಂಬ ಹಳ್ಳಿಗೆ ಲಾಂಚಿನಲ್ಲಿ ಇಳಿಯಬೇಕು. ಐರಾವತಿಯನ್ನು ಏನೆಂದು ಹೇಳಲಿ? ನಮ್ಮ ಮಲಪ್ರಭೆಯ ಒಂದು ದಂಡೆಯಿಂದ ಕೂಗಿದರೆ ಇನ್ನೊಂದು ದಂಡೆಯ ಎಮ್ಮೆ ತಲೆ ಎತ್ತುತ್ತದೆ. ಇಲ್ಲಿ ಆಚೆ ದಂಡೆಯ ಮರಗಳು ಹುಲ್ಲಿನ ಗೆರೆಯಂತೆ ಕಾಣುತ್ತಿದ್ದವು. ನೀರು ಸದ್ದಿಲ್ಲದೆ ಹೋಗುತ್ತಿತ್ತು.

ಟೊಂಬೊದಲ್ಲಿ ಲಾಂಚು ದಂಡೆಗೆ ಒಂದು ಹಲಗೆ ಚಾಚಿತು. ಉಳಿದವರು ಸಾಮಾನು ಹೊತ್ತು ಅದರ ಮೇಲೆ ಓಡಿ ಇಳಿದರು. ನಾನು ಕೊನೆಯ ಹೆಜ್ಜೆಯಲ್ಲಿ ಜಾರಿ ಮೊಣಕಾಲ ಮಟ ಕೆಸರಿಗೆ ಇಳಿದೆ. ಒಂದು ಚಪ್ಪಲಿ ಒಳಗೇ ಉಳಿಯಿತು.

“ಯವ್ವಾ, ಸತ್ತನೆಪಾ” ಎಂದು ಬಾಯಿಂದ ಬಂತು.

ದಂಡೆಯ ಮೇಲೆ ಒಬ್ಬ ಮುದುಕಿ ಬುಟ್ಟಿಯಲ್ಲಿ ಬೇಯಿಸಿದ ಕಡಲೆ ಇಟ್ಟುಕೊಂಡು ಕುಳಿತಿದ್ದಳು. ಕೆನ್ನೆಗೆ ಅಲ್ಲಿನವರು ಹಚ್ಚುವ ಗಂಧದಂಥ ಲೇಪ, ಬಾಯಲ್ಲಿ ಚುಟ್ಟಾ. ಆಕೆ ಚುಟ್ಟಾ ತೆಗೆದು ನನ್ನನ್ನೇ ನೋಡಿದಳು. ಆಮೇಲೆ ಒಂದೊಂದೇ ಮಾತನ್ನು ಹುಡುಕಿ ತೆಗೆದಂತೆ ಹೇಳಿದಳು: “ಅಲ್ಲೆ... ರಾಡಿ... ಐತಿ.”

ನಾನು ಕೆಸರಿನಲ್ಲೇ ನಿಂತೆ. ಕಿವಿಗೆ ಭ್ರಮೆ ಹಿಡಿಯಿತೇ ಅಂದುಕೊಂಡೆ.

“ಯಾವೂರು?” ಎಂದಳು.

“ಬೈಲಹೊಂಗಲ. ಮೂಲ ಮನೋಳಿ.”

“ಸವದತ್ತಿ ಮನೋಳಿ?”

“ಹೌದರಿ.”

“ನಂದು ರಾಮದುರ್ಗ” ಅಂದಳು. ಅಷ್ಟು ಹೇಳಿ ಮುಖ ಆಚೆ ತಿರುಗಿಸಿ, ಕಡಲೆಯ ಬುಟ್ಟಿಯ ಮೇಲಿನ ಎಲೆಯನ್ನು ಸುಮ್ಮನೆ ಸರಿಪಡಿಸುತ್ತ ಕುಳಿತಳು.

ಆಕೆಯ ಹೆಸರು ಗುರವ್ವ. ಅಲ್ಲಿನವರಿಗೆ ಡೊ ಮ್ಯ. ನೇಕಾರರ ಮಗಳು. ಯುದ್ಧಕ್ಕೆ ಐದಾರು ವರ್ಷ ಮೊದಲು, ರಂಗೂನಿನ ಬಂದರಿನಲ್ಲಿ ಕೆಲಸಕ್ಕಿದ್ದ ಗಂಡ ಬಂದು ಆಕೆಯನ್ನು ಕರೆದುಕೊಂಡು ಹೋದ. ಮೂರು ವರ್ಷದ ಮಗಳಿಗೆ ಆಗ ಗೊಬ್ಬರ, ಅಂದರೆ ದಡಾರ, ಎದ್ದಿತ್ತು. ಮೈತುಂಬ ಗುಳ್ಳೆ, ಜ್ವರ. ಮುಂದಿನ ವರ್ಷ ಬಂದು ಒಯ್ದರಾಯಿತು ಎಂದು ಮಗುವನ್ನು ತಾಯಿಯ ಹತ್ತಿರ ಬಿಟ್ಟು ಹೊರಟಳು. ಎರಡನೆಯ ವರ್ಷ ಗಂಡ ಹೊಟ್ಟೆಬೇನೆಯಿಂದ ತೀರಿಕೊಂಡ. ಅಕ್ಕಿ ಗಿರಣಿಯಲ್ಲಿ ತೂರುವ ಕೆಲಸ ಮಾಡುತ್ತ ಹಡಗಿನ ಖರ್ಚು ಕೂಡಿಸುತ್ತಿದ್ದಾಗ ಜಪಾನಿನವರ ಬಾಂಬು ಬಿದ್ದವು. ಎಲ್ಲರೂ ಕಾಡು ಹಿಡಿದು ನಡೆದು ಹೊರಟರು. ಈಕೆ ಪ್ರೋಮ್‌ವರೆಗೆ ನಡೆದು ಕಾಲು ಕೀವಾಗಿ ಕುಳಿತುಬಿಟ್ಟಳು. ಒಬ್ಬ ಬರ್ಮೀ ದೋಣಿಯವ ಎತ್ತಿಕೊಂಡು ಬಂದು ಈ ಹಳ್ಳಿಯಲ್ಲಿ ಇಳಿಸಿದ. ಆತನೇ ಎರಡನೆಯ ಗಂಡನಾದ. ಅವನೂ ಹೋಗಿ ನಾಲ್ಕು ವರ್ಷವಾಗಿತ್ತು.

ಇದನ್ನೆಲ್ಲ ಆಕೆ ಒಮ್ಮೆಲೇ ಹೇಳಲಿಲ್ಲ. ಕನ್ನಡ ಆಕೆಯ ಬಾಯಲ್ಲಿ ತುಕ್ಕು ಹಿಡಿದಿತ್ತು. ನಡುನಡುವೆ ನಿಂತು ನನ್ನನ್ನೇ ಕೇಳುತ್ತಿದ್ದಳು. “ಮಗ್ಗದಾಗ ಆಕಡಿಂದ ಈಕಡೆ ಓಡತೈತಲ್ಲ, ನೂಲ ಹೊತಗೊಂಡು... ಅದಕ್ಕೇನಂತಾರ?”

“ಲಾಳಿ.”

“ಲಾಳಿ” ಎಂದಳು. ಮತ್ತೆ, “ಲಾಳಿ. ನೋಡು, ನಮ್ಮಪ್ಪ ದಿನಾ ಹಿಡಿಯೂದು, ಅದ ಮರತೇನಿ.”

ಕಡಲೆಯ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, “ನಡಿ, ನಾನೂ ಬರತೇನಿ. ಗುಡ್ಡ ನಿನಗ ಯಾರ ತೋರಸ್ತಾರ?” ಎಂದು ಎದ್ದಳು. ದೋಣಿಗೆ ಮಗನನ್ನು ಕರೆದಳು. ಮೌಂಗ್ ಟಿನ್ ಎಂದು ಅವನ ಹೆಸರು. ಮೂವತ್ತರ ಆಸುಪಾಸಿನ ಗಟ್ಟಿ ಆಳು. ನಮ್ಮ ಮಾತು ಅವನಿಗೆ ಒಂದೂ ತಿಳಿಯದು. ಹುಟ್ಟು ಹಾಕುತ್ತ ತಾಯಿಯನ್ನು ಬೆರಗಿನಿಂದ ನೋಡುತ್ತಿದ್ದ. ಇಷ್ಟು ವರ್ಷ ತನ್ನ ತಾಯಿಯೊಳಗೆ ಇಂಥ ಒಂದು ದನಿ ಇತ್ತೆಂದು ಅವನಿಗೂ ಅಂದೇ ಗೊತ್ತಾಗಿರಬೇಕು.

ಗುಡ್ಡ

ಹೊಳೆ ಒಂದು ತಿರುವು ತಿರುಗಿದ ಮೇಲೆ ಗುಡ್ಡ ಕಂಡಿತು. ಕೊಡಲಿಯಿಂದ ಕಡಿದಂತೆ ನೆಟ್ಟಗೆ ನೀರಿಗಿಳಿದ ಕಂದುಬಣ್ಣದ ಬಂಡೆ. ಮೇಲೆಲ್ಲ ಹಸಿರು ಗಿಡಗಳು, ತುದಿಯಲ್ಲೊಂದು ಬಿಳಿಯ ಪಗೋಡ. ಹತ್ತಿರ ಹೋದಂತೆ ಬಂಡೆಗೆ ಕಣ್ಣು ಬಂದವು. ಗೂಡುಗೂಡಿನಲ್ಲಿ ಬುದ್ಧ. ಸಾಲುಸಾಲಾಗಿ ಕುಳಿತವರು, ನಿಂತವರು, ಕೈ ತಲೆಗಿಟ್ಟು ಮಲಗಿದವರು. ಕೆಲವರಿಗೆ ಕೆಂಪು, ಬಂಗಾರದ ಬಣ್ಣ ಉಳಿದಿತ್ತು. ಕೆಲವರ ಮೇಲೆ ಜೇನು ಕಟ್ಟಿತ್ತು. ಮನುಷ್ಯರು ನಿಲ್ಲಲು ಜಾಗವೇ ಇಲ್ಲದ ಎತ್ತರದಲ್ಲೂ ಕೆತ್ತಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಿನಿಂದ ಇಳಿಬಿದ್ದು ಕೆತ್ತಿದರೆಂದು ಗುರವ್ವ ಹೇಳಿದಳು.

ನಮ್ಮ ಕಡೆಯ ಶಿಲ್ಪವನ್ನು ನಾನು ಹೂಲಿಯ ಹಳೆಯ ಗುಡಿಗಳಲ್ಲಿ ನೋಡಿದವನು. ಅದು ಕೈ ಪಳಗಿದವರ ಕೆಲಸ. ಇಲ್ಲಿ ಹಾಗಿರಲಿಲ್ಲ. ಒಬ್ಬ ಬುದ್ಧನ ಕಿವಿ ಹೆಗಲಿಗಿಂತ ಕೆಳಗೆ ಇಳಿದಿತ್ತು. ಇನ್ನೊಬ್ಬನಿಗೆ ಒಂದು ಕೈ ಉದ್ದ, ಒಂದು ಗಿಡ್ಡ. ಒಬ್ಬನ ಮುಖ ಅದನ್ನು ಕೆತ್ತಿದ ನಾವಿಕನದ್ದೇ ಇರಬೇಕು, ಮೂಗು ಚಪ್ಪಟೆ, ತುಟಿಯ ಮೂಲೆಯಲ್ಲಿ ತುಂಟ ನಗೆ. ಮನೆಯಿಂದ ದೂರ ಬಂದು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಹೋಗಲಾರದೆ ಕಾದು ಕುಳಿತವರ ಕೆಲಸ ಅದು. ಈ ಕೈಗಳನ್ನು ನಾನು ಬಲ್ಲೆ ಅನ್ನಿಸಿತು.

ಮೆಟ್ಟಿಲು ಹತ್ತುವ ಮೊದಲು ಚಪ್ಪಲಿ ಕಳಚಬೇಕು. ನನ್ನ ಹತ್ತಿರ ಇದ್ದದ್ದೇ ಒಂದು. ಅದನ್ನು ಬಿಟ್ಟೆ. ಅರ್ಧ ದಾರಿಯಲ್ಲಿ ಮರದ ಬುಡದಲ್ಲಿ ನೀರಿನ ಗಡಿಗೆ ಇತ್ತು. ಗುರವ್ವ ಕುಡಿದು, ಬಟ್ಟಲು ತುಂಬಿ ನನ್ನ ಕೈಗೆ ಕೊಟ್ಟಳು. ನಾನು ಕುಡಿಯುವಾಗ ಕೇಳಿದಳು: “ನೀವು ಯಾರ ಪೈಕಿ?”

ಎಲ್ಲಿಗೆ ಹೋದರೂ ಈ ಪ್ರಶ್ನೆ ನನಗಿಂತ ಮೊದಲೇ ಬಂದು ಕುಳಿತಿರುತ್ತದೆ.

“ಬೌದ್ಧರು” ಎಂದೆ.

“ಮನೋಳ್ಯಾಗ ಎಲ್ಲಿ ಬೌದ್ಧರು? ನಾ ಇದ್ದಾಗ ಇರಲಿಲ್ಲ.”

“ಮೊದಲ ಊರ ಹೊರಗಿನವರಿದ್ವಿ. ಆಮೇಲೆ ಆದಿವಿ.”

ಆಕೆಗೆ ಅರ್ಥವಾಯಿತು. ನನ್ನ ಕೈಯಲ್ಲಿದ್ದ ಬಟ್ಟಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ಇಸಿದುಕೊಂಡು, ಇನ್ನೊಮ್ಮೆ ತುಂಬಿ, ತಾನೂ ಕುಡಿದಳು.

“ನಾನೂ ಊರ ಹೊರಗ ಆಗಿ ನಲವತ್ತ ವರ್ಷ ಆತು” ಎಂದಳು.

ಎರಡೂ ಒಂದೇ ಅಲ್ಲ. ಅದು ನನಗೆ ಗೊತ್ತಿತ್ತು, ಆಕೆಗೂ ಗೊತ್ತಿದ್ದೀತು. ಆದರೆ ಅದು ಆಕೆ ಕೊಡಬೇಕೆಂದೇ ಕೊಟ್ಟ ಮಾತು. ನಾನು ತೆಗೆದುಕೊಂಡೆ.

ಮೇಲೆ ಹೋಗಲಿಲ್ಲ ಆಕೆ. ಮೆಟ್ಟಿಲಿನ ಬದಿಗೆ, ಬಂಡೆಯ ಒಂದು ಮೂಲೆಯಲ್ಲಿ, ಮೊಳದುದ್ದದ ಸಣ್ಣ ಬುದ್ಧನೊಬ್ಬನ ಮುಂದೆ ಕುಳಿತಳು. ಮಳೆನೀರು ಇಳಿದು ಇಳಿದು ಅದರ ಮುಖ ಸವೆದು ನುಣ್ಣಗಾಗಿತ್ತು. ಕಣ್ಣಿಲ್ಲ, ಮೂಗಿಲ್ಲ. ಗೂಡಿನೊಳಗಿನ ಒಣ ಎಲೆಗಳನ್ನು ಬಳಿದು ತೆಗೆದಳು.

“ಹುಣ್ಣಿವಿಗೊಮ್ಮೆ ಬಂದು ದೀಪ ಹಚ್ಚತೇನಿ. ಇದು ನಮ್ಮ ನೀಲವ್ವಂದು.”

“ನೀಲವ್ವ ಅಂದ್ರ ಮಗಳೇನ್ರಿ?”

“ಹೂಂ. ಆಕಿ ಮುಖ ನೆನಪ ಹೋಗೇತಿ. ಕಣ್ಣ ಮುಚ್ಚಿದ್ರ ಜ್ವರದ ಕೈ ಒಂದ ತಿಳೀತೈತಿ, ಮುಖ ಬರೂದಿಲ್ಲ. ಅದಕ್ಕ ಮುಖ ಇಲ್ಲದ್ದನ್ನ ಹುಡಿಕಿ ಹಿಡಕೊಂಡೆ.”

ಕೆಳಗೆ ಹೊಳೆಯಲ್ಲಿ ತೇಗದ ದಿಮ್ಮಿಗಳ ಒಂದು ದೊಡ್ಡ ತೆಪ್ಪ ಹೋಗುತ್ತಿತ್ತು. ಅದರ ಮೇಲೆ ಒಂದು ಗುಡಿಸಲು, ಗುಡಿಸಲಿನ ಮುಂದೆ ಒಬ್ಬ ಅಡಿಗೆ ಮಾಡುತ್ತಿದ್ದ.

ಗುರವ್ವ ಊರಿನ ಸುದ್ದಿ ಕೇಳಿದಳು. ನಾನು ರಾಮದುರ್ಗಕ್ಕೆ ಹೋದದ್ದು ಎರಡೋ ಮೂರೋ ಸಲ. ಆಕೆ ಹೇಳಿದ ಹೆಸರಿನವರು ಒಬ್ಬರೂ ಗೊತ್ತಿರಲಿಲ್ಲ. ಹೊಳೆಯ ಸುದ್ದಿಯಾದರೂ ಹೇಳೋಣ ಎಂದು, ನವಿಲುತೀರ್ಥದ ಹತ್ತಿರ ಮಲಪ್ರಭೆಗೆ ಅಡ್ಡಲಾಗಿ ಒಡ್ಡು ಕಟ್ಟಿದ್ದಾರೆ, ಈಗ ಅಲ್ಲಿ ಸಮುದ್ರದಂತೆ ನೀರು ನಿಂತಿದೆ ಎಂದೆ. ಆಕೆ ನಂಬಲಿಲ್ಲ.

“ಮಲಪ್ರಭಿ ನಿಂತೈತಿ?”

“ನಿಂತೈತ್ರಿ. ಬೇಕಾದಾಗ ಬಿಡತಾರ.”

“ಹಂಗಾದ್ರ ಬ್ಯಾಸಗ್ಯಾಗ ನಾವು ನೀರಿಗೆ ಹೊಳ್ಯಾಗ ಉಸುಕ ಕೆದರಿ ವರತಿ ತೋಡತಿದ್ವಲ್ಲ, ಈಗ ತೋಡೂದಿಲ್ಲೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಕೈ ಹಿಡಿದಳು. “ಒಂದ ಕೆಲಸ ಮಾಡಯಪ್ಪಾ. ರಾಮದುರ್ಗಕ್ಕ ಹೋಗು. ನೇಕಾರ ಓಣ್ಯಾಗ ಕೇಳು. ಆಕಿ ಅದಾಳೋ ಇಲ್ಲೋ, ಇದ್ರ ಹೆಂಗದಾಳ, ನೋಡಿ ಒಂದ ಕಾಗದ ಬರಿ. ನಾ ಇದ್ದೇನಂತ ಮಾತ್ರ ಹೇಳಬ್ಯಾಡ.”

“ಯಾಕ್ರಿ?”

“ಅವ್ವ ಸತ್ತಾಳಂತ ಒಮ್ಮೆ ಅತ್ತು ಮುಗಿಸಿರತಾಳ. ಬಿಟ್ಟ ಹ್ವಾದಾಕಿ ಜೀವಂತ ಅದಾಳ ಅಂದ್ರ ಅದಕ್ಕ ಹೆಂಗ ಅಳಬೇಕು ಆಕಿ?”

ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಹೊಳೆಯ ನಡುವೆ

ಬರುವಾಗ ದೋಣಿ ಮರಳ ದಿಬ್ಬಕ್ಕೆ ಹತ್ತಿ ನಿಂತಿತು. ನಾನು, ಮೌಂಗ್ ಟಿನ್ ಇಬ್ಬರೂ ಸೊಂಟಮಟ ನೀರಿಗಿಳಿದು ದಬ್ಬಿದೆವು. ನನ್ನ ಗಡಿಯಾರದೊಳಗೆ ನೀರು ಹೋಗಿ ಮುಳ್ಳು ನಿಂತವು. ಅವನು ತನ್ನ ಲುಂಗಿಯ ಅಂಚಿನಿಂದ ಅದನ್ನು ಒರೆಸಿ, ಕಿವಿಗಿಟ್ಟು ಕೇಳಿ, ತಲೆಯಾಡಿಸಿ ಕೊಟ್ಟ. ಗುರವ್ವ ದೋಣಿಯಲ್ಲಿ ಕುಳಿತು, “ಮಾತಾಡು, ಏನರ ಮಾತಾಡು” ಅನ್ನುತ್ತಿದ್ದಳು. ಜೋಳದ ಬೆಳೆ, ಬಸ್ಸಿನ ದಾರಿ, ನನ್ನ ಹೆಂಡತಿಯ ತವರೂರು ಚಚಡಿಯ ದೇಸಾಯರ ವಾಡೆ, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಆಕೆ ವಿಷಯವನ್ನು ಕೇಳುತ್ತಿರಲಿಲ್ಲ. ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳುತ್ತಿದ್ದಳು.

ಊರು ಬಿಡುವ ಮೊದಲು ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಲಾಂಚು ಹತ್ತಿದೆ. ಆದರೆ ಯಂತ್ರಗಳು ನಾನು ಎಣಿಸಿದ್ದಕ್ಕಿಂತ ಹೆಚ್ಚು ಕಾಡಿದವು. ರವಿವಾರವೂ ಕೆಲಸ. ಕೊನೆಯ ಯಂತ್ರ ಓಡಿದ ದಿನವೇ ಸಂಜೆಯ ರೈಲಿಗೆ ಟಿಕೆಟ್ ತಂದುಕೊಟ್ಟರು. ರೈಲಿನ ಕಿಟಕಿಯಿಂದ ಹೊಳೆ ಕಂಡಿತು, ಗುಡ್ಡ ಕಾಣಲಿಲ್ಲ. ಹೇಳದೆ ಬಂದೆ. ಆಕೆಯನ್ನು ಹೇಳದೆ ಬಿಟ್ಟು ಹೋದವರಲ್ಲಿ ನಾನೂ ಒಬ್ಬನಾದೆ.

ರಾಮದುರ್ಗ

ಬೈಲಹೊಂಗಲಕ್ಕೆ ಬಂದವನು ಕೂಡಲೇ ಹೋಗಲಿಲ್ಲ. ಹತ್ತಿಯ ಸುಗ್ಗಿ, ಅವ್ವನ ಕಾಲುನೋವು ಎಂದು ನೆವ ಹೇಳಿಕೊಂಡು ಎರಡು ತಿಂಗಳು ಕಳೆದೆ. ಹೆಂಡತಿ ಒಂದು ದಿನ, “ಆ ಮುದುಕಿ ಅಲ್ಲೆ ದಾರಿ ನೋಡತಿರತಾಳ. ನೀವು ಇಲ್ಲೆ ನಿದ್ದಿ ಬರಲಾರದ ಹೊರಳಾಡತೀರಿ. ಹೋಗಿ ಬರ್ರಿ” ಎಂದಳು. ಸವದತ್ತಿಯ ಮೇಲಿನಿಂದ ಬಸ್ಸು ಹಿಡಿದು ಹೋದೆ.

ನೇಕಾರ ಓಣಿಯಲ್ಲಿ ನೀಲವ್ವನ ಮನೆ ಸಿಗುವುದು ಕಷ್ಟವಾಗಲಿಲ್ಲ. ನಲವತ್ತು ದಾಟಿದ ಹೆಂಗಸು, ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತ ಕುಳಿತಿದ್ದಳು. ಸೀರೆ ಕೊಳ್ಳಲು ಬಂದವನಂತೆ ಪಡಸಾಲೆಯಲ್ಲಿ ಕುಳಿತೆ. ಎರಡು ಸೀರೆ ಬಿಚ್ಚಿ ತೋರಿಸಿದಳು. ನಾನು ಸೀರೆಯನ್ನು ಬಿಟ್ಟು ಆಕೆಯ ಮುಖವನ್ನೇ ನೋಡುತ್ತಿದ್ದೆ. ಹಣೆ, ಗದ್ದ, ಮಾತಿನ ನಡುವೆ ಮುಖವನ್ನು ಆಚೆ ತಿರುಗಿಸುವ ರೀತಿ, ಎಲ್ಲ ಗುರವ್ವನದೇ.

“ಸೀರಿ ನೋಡಾಕ ಬಂದಾವರಲ್ಲ ನೀವು” ಎಂದಳು. “ಯಾರ ಕಡಿಂದ ಬಂದೀರಿ?”

ಸುಳ್ಳು ಹೇಳಲು ನಾಲಿಗೆ ತಿರುಗಲಿಲ್ಲ. ಕೊಟ್ಟ ಮಾತು ಮುರಿದೆ. ಟೊಂಬೊದ ದಂಡೆ, ಕಡಲೆಯ ಬುಟ್ಟಿ, ಗುಡ್ಡ, ಮುಖ ಸವೆದ ಬುದ್ಧ, ಹುಣ್ಣಿಮೆಯ ದೀಪ ಎಲ್ಲ ಹೇಳಿದೆ. ಒಂದು ಮಾತ್ರ ಬಿಟ್ಟೆ, ಮೌಂಗ್ ಟಿನ್‌ನ ಸಂಗತಿ. ಇನ್ನೊಂದು ಮಗುವನ್ನು ಆಕೆ ಕೈಬಿಡದೆ ಸಾಕಿದಳು ಎಂದು ಈ ಮುಖಕ್ಕೆ ಹೇಳುವ ಧೈರ್ಯ ನನಗಿರಲಿಲ್ಲ.

ನೀಲವ್ವ ಅಳಲಿಲ್ಲ. ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ನೀರಿನ ತಂಬಿಗೆ ಇತ್ತು. “ನಮ್ಮಜ್ಜಿ ಸಾಯೂ ಮುಂದ ಹೇಳಿದ್ಲು, ಸತ್ತ ಸುದ್ದಿ ಯಾರೂ ತಂದಿಲ್ಲ, ನಾವ ಅಂದ್ಕೊಂಡೇವಿ ಅಂತ” ಎಂದಳು. “ಬರೀರಿ ಆಕಿಗೆ. ನಾ ಚಲೋ ಅದೇನಿ. ಮೂರ ಮಕ್ಕಳು. ಗೊಬ್ಬರ ಎದ್ದಾಗಿನ ಮೈಮ್ಯಾಲಿನ ಕಲಿ ಉಳದಿಲ್ಲ, ಎಲ್ಲಾ ಹೋಗ್ಯಾವ ಅಂತ ಬರೀರಿ.”

ಆಕೆ ಹೇಳಿದಂತೆ ಬರೆದೆ. ಅದನ್ನೇ ಹಿಂದಿಯಲ್ಲೂ ಬರೆದು, ಓದಿ ಹೇಳು ಎಂದು ಊ ಬಾನ ಹೆಸರಿಗೆ ಹಾಕಿದೆ.

ಉತ್ತರ ಬರಲು ಐದು ತಿಂಗಳು ಹಿಡಿಯಿತು. ಲಕೋಟೆಯೊಳಗೆ ಊ ಬಾನ ಹಿಂದಿ ಅಕ್ಷರ ಇರಲಿಲ್ಲ. ಒಂದೇ ಹಾಳೆ, ಉದ್ದಕ್ಕೂ ಬರ್ಮೀ ಲಿಪಿ, ಉದ್ದಿನವಡೆ ಪೋಣಿಸಿದಂತೆ ದುಂಡುದುಂಡು ಅಕ್ಷರ. ಅದನ್ನು ಹಿಡಿದುಕೊಂಡು ಮತ್ತೆ ರಾಮದುರ್ಗದ ಬಸ್ಸು ಹತ್ತಿದೆ.

ನೀಲವ್ವ ಮಗ್ಗ ನಿಲ್ಲಿಸಿ ಬಂದು ಕುಳಿತಳು. “ಓದ್ರಿ.”

“ನನಗ ಓದಾಕ ಬರೂದಿಲ್ರಿ. ಗಿರಣ್ಯಾಗ ಕಡಿಕಡಿಗೆ ಹತ್ತ ಹನ್ನೆರಡ ಶಬ್ದ ಬರದು ಕಲಿಸಿದ್ರು. ನೀರು, ಎಣ್ಣಿ, ನಿಲ್ಲು, ಅಂಥಾವು. ಇದರಾಗ ಒಂದ ಗುರ್ತ ಸಿಗತೈತಿ.”

“ಯಾವುದು?”

“ಅಮೇ. ಅವ್ವ ಅಂತ.”

ಬೆರಳಿಟ್ಟು ತೋರಿಸಿದೆ. ಮೊದಲ ಸಾಲಿನಲ್ಲಿತ್ತು. ಮೂರನೆಯದರಲ್ಲಿ ಎರಡು ಕಡೆ. ಕೆಳಗೆ ಮತ್ತೆ. ಆಕೆ ಒಂದೊಂದನ್ನೂ ತನ್ನ ಬೆರಳಿನಿಂದ ಮುಟ್ಟಿ ನೋಡಿದಳು. ಹೊರಗೆ ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು.

“ಆಕಿ ಹೇಳಿ ಬರಸಿದ್ರ ‘ಮಗಳ’ ಅಂತ ಇರಬೇಕಿತ್ತಲ್ಲರಿ?” ಎಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೂ ಅದೇ ಹೊಳೆದಿತ್ತು.

“ಇಷ್ಟ ಸಲ ‘ಅವ್ವ’ ಅಂತ ಬರದಾರಂದ್ರ, ಬರದವರು ಆಕಿ ಮಕ್ಕಳ ಇರಬೇಕು.”

ಆಗ ಹೇಳಿದೆ. ಒಬ್ಬ ಮಗನಿದ್ದಾನೆ, ದೋಣಿ ನಡೆಸುತ್ತಾನೆ, ಗುಡ್ಡಕ್ಕೆ ನಮ್ಮನ್ನು ಕರೆದೊಯ್ದವನು ಅವನೇ, ನಿನಗಿಂತ ಹತ್ತು ವರ್ಷ ಸಣ್ಣವನು. ಬಚ್ಚಿಟ್ಟದ್ದಕ್ಕೆ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆಗಳನ್ನು ಅಂಗೈಯಿಂದ ತೀಡುತ್ತ ಕುಳಿತಳು.

“ಮದ್ರಾಸಿನ ಕಡೆ ಬರ್ಮಾದಿಂದ ಬಂದ ಮಂದಿ ಅದಾರ” ಎಂದೆ. “ಕಳಿಸಿ ಓದಸ್ತೇನಿ. ಆಕಿ ಇನ್ನೂ ಇದ್ದಾಳು, ನಾವು ತಿಳದಂಗ ಇರಲಿಕ್ಕೂ ಇಲ್ಲ.”

“ಓದಸ್ರಿ. ಆದ್ರ ಅಲ್ಲೀತನಾ ಸುಮ್ಮ ಕುಂಡ್ರೂದು ಬ್ಯಾಡ” ಎಂದಳು. “ನಾನರ ಆಕಿ ಇಲ್ದ ರೂಢಿ ಆದಾಕಿ. ಅವಗ ಇದು ಹೊಸಾದು.”

ಎದ್ದು ಹೋಗಿ ಮಗಳ ಸಾಲೆಯ ಪಾಟಿಚೀಲದಿಂದ ಒಂದು ಹಾಳೆ ಹರಿದು ತಂದು ನನ್ನ ಮುಂದೆ ಇಟ್ಟಳು.

“ಬರೀರಿ. ಮೊದಲ ‘ತಮ್ಮಗ’ ಅಂತ ಹಾಕ್ರಿ.”